ಕಂತು ನೋಡುವ ಮೊದಲು ಕಾನೂನು ನೋಡಿ

ಮಕ್ಕಳೇ, ಆಗಸ್ಟ್ ಬಂತೆಂದರೆ ಬಾಸ್ಟನ್ನಿನ ನಮ್ಮ ಕನ್ನಡದ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಎಂ.ಎಸ್. ಓದಲು ಬಂದ ಹುಡುಗರು ಫೀಸಿನ ಬಿಲ್ ತೋರಿಸಿ, "ಅಂಕಲ್, ಇನ್ಶೂರೆನ್ಸ್‌ಗೇ ಇಷ್ಟೊಂದಾ? ಅಪ್ಪ ಬೆಂಗಳೂರಲ್ಲೇ ಪಾಲಿಸಿ ಮಾಡಿಸಿ ಕಳಿಸಿದಾರೆ, ಇವರು ಒಪ್ತಾನೇ ಇಲ್ಲ" ಅನ್ನುತ್ತಾರೆ. ಯೂನಿವರ್ಸಿಟಿಯನ್ನು ಬೈಯಬೇಡಿ. ಅದು ಮ್ಯಾಸಚೂಸೆಟ್ಸ್ ರಾಜ್ಯದ ನಿಯಮ.

ಅಮೆರಿಕದಲ್ಲಿ ವಿಮೆಯ ಹತೋಟಿ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. 1945ರ ಮೆಕ್ಯಾರನ್-ಫರ್ಗ್ಯೂಸನ್ ಕಾಯ್ದೆ ಅದನ್ನು ಅವಕ್ಕೇ ಬಿಟ್ಟಿತು. 1988ರಲ್ಲಿ ಗವರ್ನರ್ ಮೈಕಲ್ ಡುಕಾಕಿಸ್ ಇಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಸಿಗಬೇಕೆಂಬ ಕಾನೂನಿಗೆ ಸಹಿ ಹಾಕಿದರು. ಮಾಲೀಕರು ನೌಕರರಿಗೆ ವಿಮೆ ಕೊಡಲೇಬೇಕೆಂಬ ಅದರ ಮುಖ್ಯ ಭಾಗ ಜಾರಿಗೇ ಬರಲಿಲ್ಲ. ವಿದ್ಯಾರ್ಥಿಗಳ ಭಾಗ ಮಾತ್ರ ಬದುಕಿ ಉಳಿಯಿತು: ಪೂರ್ಣಾವಧಿ ಓದಿನ ಮುಕ್ಕಾಲು ಪಾಲಾದರೂ ಓದುತ್ತಿರುವವರಿಗೆ ವಿಮೆ ಇರಲೇಬೇಕು. ಅಷ್ಟೇ ಒಳ್ಳೆಯ ಬೇರೆ ವಿಮೆ ಇದ್ದರೆ ವೇವರ್, ಅಂದರೆ ವಿನಾಯಿತಿ, ಕೇಳಬಹುದು. ಆದರೆ ಅಮೆರಿಕದ ಹೊರಗಿನ ಕಂಪನಿಯ ಪಾಲಿಸಿಯನ್ನು ಅದಕ್ಕೆ ಸಮನೆಂದು ಎಣಿಸುವುದಿಲ್ಲವೆಂದು ನಿಯಮವೇ ಹೇಳುತ್ತದೆ.

ಇದು ದಬ್ಬಾಳಿಕೆಯೇ? ನನಗೆ ಹಾಗನ್ನಿಸುವುದಿಲ್ಲ. ನೀವು ಊರಿನಿಂದ ತರುವುದು ಪ್ರಯಾಣದ ವಿಮೆ. ಅದರ ಸಣ್ಣಕ್ಷರ ಓದಿ: ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡಿಲ್ಲ, ಒಟ್ಟು ಮೊತ್ತಕ್ಕೂ ಮಿತಿ. ವಿದ್ಯಾರ್ಥಿ ವಿಮೆಯೂ ಒಂದು ಕಾಲಕ್ಕೆ ಹೀಗೇ ಇತ್ತು. 2012ರಲ್ಲಿ ಕೂಡ ವರ್ಷಕ್ಕೆ ಒಂದು ಲಕ್ಷ ಡಾಲರಿನ ಮಿತಿ ಹಾಕಲು ಅವಕಾಶವಿತ್ತು. ಒಬಾಮಾ ಕಾಲದ ಆರೋಗ್ಯ ವಿಮೆಯ ಕಾನೂನಿನ ಕೆಳಗೆ ಬಂದ ಮೇಲೆ, 2014ರಿಂದ, ಅಗತ್ಯ ಚಿಕಿತ್ಸೆಗಳಿಗೆ ಆ ಮಿತಿ ಹೋಯಿತು; ಅಸ್ತಮಾ, ಥೈರಾಯ್ಡ್ ಇದೆಯೆಂದು ಯಾರನ್ನೂ ಬಿಡುವಂತಿಲ್ಲ. ಒಂದು ಎಚ್ಚರ: ಕೆಲವು ಯೂನಿವರ್ಸಿಟಿಗಳು ಕಂಪನಿಯಿಂದ ಕೊಳ್ಳದೆ ತಾವೇ ನಿಧಿ ಇಟ್ಟು ವಿಮೆ ನಡೆಸುತ್ತವೆ. ಅಂಥದಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಕೇಳಿ ತಿಳಿಯಿರಿ.

ಮನಸ್ಸಿನ ಕಾಯಿಲೆಗೂ ಈ ವಿಮೆ ಆಗಿಬರುತ್ತದೆ ಎಂಬುದನ್ನು ನಿಮ್ಮಲ್ಲಿ ಬಹಳ ಜನ ಗಮನಿಸುವುದೇ ಇಲ್ಲ. ಇಲ್ಲಿ ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅಸೈನ್‌ಮೆಂಟ್ ಮುಗಿಯುವುದಿಲ್ಲ, ಸಾಲದ ಲೆಕ್ಕ ತಲೆಯಲ್ಲಿ ಕೊರೆಯುತ್ತದೆ, ಮನೆಗೆ ಫೋನ್ ಮಾಡಿ "ಚೆನ್ನಾಗಿದೀನಮ್ಮ" ಅನ್ನುತ್ತೀರಿ. ನಿದ್ದೆ ಬಾರದೆ ವಾರಗಳು ಕಳೆದರೆ ಕ್ಯಾಂಪಸ್ಸಿನ ಕೌನ್ಸೆಲಿಂಗ್‌ಗೆ ಹೋಗಿ. ನೀವಾಗಿ ಹೇಳದೆ ಅದು ನಿಮ್ಮ ಊರಿಗೆ ಗೊತ್ತಾಗುವುದಿಲ್ಲ.

ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನಿಲ್ಲ. ಎಷ್ಟೋ ಕಡೆ ತೀರ್ಮಾನ ಯೂನಿವರ್ಸಿಟಿಯದು, ಕೆಲವು ಕಡೆ ನಿಮ್ಮದೇ. "ವೀಸಾ ನಿಯಮಕ್ಕೆ ತಕ್ಕ ಪಾಲಿಸಿ" ಎಂದು ಅಗ್ಗದ ಸರಕು ಮಾರುವವರು ಸಿಗುವುದು ಅಲ್ಲೇ. ನಿಮ್ಮದು ಎಫ್-1 ವೀಸಾ ಆದರೆ ಅಂಥ ಕೇಂದ್ರ ನಿಯಮವೇ ಇಲ್ಲ. ಇರುವುದು ಜೆ-1 ವೀಸಾದವರಿಗೆ; ಅದೂ ಕಾಯಿಲೆಯೊಂದಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್. ಇಲ್ಲಿನ ಐಸಿಯು ಬಿಲ್ ಕಂಡವರಿಗೆ ಅದು ಎಷ್ಟು ಕಡಿಮೆಯೆಂದು ಗೊತ್ತು.

ಜ್ವರ, ಕೆಮ್ಮಿಗೆ ಕ್ಯಾಂಪಸ್ಸಿನ ಹೆಲ್ತ್ ಸೆಂಟರ್ ಸಾಕು. ಎದೆನೋವು, ಅಪಘಾತವಾದರೆ ಲೆಕ್ಕ ಹಾಕುತ್ತ ಕೂರಬೇಡಿ, 911 ಒತ್ತಿ. ದುಡ್ಡು ಕೊಡಲಾಗದೆಂದು ತುರ್ತು ವಿಭಾಗ ನಿಮ್ಮನ್ನು ನೋಡದೆ ಕಳಿಸುವಂತಿಲ್ಲ, 1986ರಿಂದ ಕಾನೂನಿದೆ. ನಿಮ್ಮ ವಿಮಾ ಕಂಪನಿಯ ಜೊತೆ ಒಪ್ಪಂದವಿಲ್ಲದ, ಅಂದರೆ ನೆಟ್‌ವರ್ಕ್ ಹೊರಗಿನ, ಆಸ್ಪತ್ರೆಯಾದರೂ ತುರ್ತು ಚಿಕಿತ್ಸೆಗೆ ಮನಬಂದಂತೆ ಬಿಲ್ ಹಾಕುವುದನ್ನು 2022ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ತಡೆದಿದೆ. ರಸ್ತೆಯ ಆಂಬುಲೆನ್ಸ್ ಮಾತ್ರ ಅದರೊಳಗೆ ಬರುವುದಿಲ್ಲ.

ಕ್ಲೇಮ್ ತಳ್ಳಿಹಾಕಿದ ಪತ್ರ ಬಂದರೆ ಸುಮ್ಮನೆ ದುಡ್ಡು ಕಟ್ಟಿಬಿಡಬೇಡಿ. ಮೊದಲು ಕಂಪನಿಗೇ ಮೇಲ್ಮನವಿ ಬರೆಯಿರಿ. ಅಲ್ಲೂ ಆಗದು ಅಂದರೆ, ಚಿಕಿತ್ಸೆ ಅಗತ್ಯವಿರಲಿಲ್ಲ ಎಂಬ ನೆಪಕ್ಕೆ ತಳ್ಳಿದ್ದನ್ನು ಕಂಪನಿಗೆ ಸೇರದ ವೈದ್ಯರಿಂದ ಮರುಪರಿಶೀಲಿಸಲು ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯದ ಕಚೇರಿಯೇ ಇದೆ. ಕಡೆಯ ಉತ್ತರ ಕೈಸೇರಿದ ಮೇಲೆ ಅಲ್ಲಿಗೆ ಅರ್ಜಿ ಹಾಕಲು ನಾಲ್ಕು ತಿಂಗಳ ಅವಕಾಶವಿದೆ.