ಅಂತರಂಗದ ಸಂಪತ್ತು ಮತ್ತು ಪರಿಗ್ರಹ ಪರಿಮಾಣ ವ್ರತ

ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳಿಗೆ ರತ್ನತ್ರಯವೆಂದು ಹೆಸರು. ಲೋಕವು ಅತ್ಯಂತ ಬೆಲೆಯುಳ್ಳದ್ದೆಂದು ಬಗೆದ ವಸ್ತುವಿನ ಹೆಸರನ್ನೇ ಆಚಾರ್ಯರು ಆತ್ಮಗುಣಗಳಿಗೆ ಇಟ್ಟುದು ಅರ್ಥಗರ್ಭಿತವಾಗಿದೆ. ಪೆಟ್ಟಿಗೆಯೊಳಗಿನ ರತ್ನವನ್ನು ಕಳ್ಳನು ಕದಿಯಬಹುದು, ದಾಯಾದಿಯು ಪಾಲು ಕೇಳಬಹುದು. ಆತ್ಮದೊಳಗಿನ ರತ್ನಕ್ಕೆ ಈ ಭಯವಿಲ್ಲ.

ಹಾಗಾದರೆ ಗೃಹಸ್ಥನು ಹೊರಗಿನ ಸಂಪತ್ತನ್ನೆಲ್ಲ ತೊರೆಯಬೇಕೆ? ಅದು ಮಹಾವ್ರತಿಗಳಾದ ಮುನಿಗಳ ಮಾರ್ಗ. ಶ್ರಾವಕನಿಗೆ ವಿಹಿತವಾದುದು ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಮಿತಿ ಬೀಳಬೇಕಾದುದು ಇಚ್ಛೆಯ ಮೇಲೆ ಎಂಬುದು ಆ ಹೆಸರಿನಿಂದಲೇ ಸ್ಪಷ್ಟವಾಗುತ್ತದೆ. ಹೊಲ, ಮನೆ, ಬೆಳ್ಳಿ, ಬಂಗಾರ ಮೊದಲಾದ ಬಾಹ್ಯ ಪರಿಗ್ರಹಗಳು 10. ಮಿಥ್ಯಾತ್ವ, ಕ್ರೋಧ, ಲೋಭ, ಭಯ ಮೊದಲಾದ ಅಭ್ಯಂತರ ಪರಿಗ್ರಹಗಳು 14. ತತ್ತ್ವಾರ್ಥಸೂತ್ರವಾದರೋ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಅದರ ಮೇಲಿನ ಮಮತ್ವದಲ್ಲಿ ಹೇಳಿದೆ.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಹುನಗುಂದ ಸೀಮೆಯ ಮರೋಳದಲ್ಲಿ ಇಬ್ಬರು ಗೃಹಸ್ಥರಿರುವರೆಂದು ಭಾವಿಸಿರಿ. ಒಬ್ಬನಿಗೆ 40 ಎಕರೆ ಎರೆಭೂಮಿ. ಆತನು ತನ್ನ ಆಸ್ತಿಗೆ ಮಿತಿಯನ್ನು ಗೊತ್ತುಮಾಡಿಕೊಂಡಿದ್ದಾನೆ. ಮಳೆ ಕೈಕೊಟ್ಟ ವರ್ಷ ಹಗೇವು ತೆಗೆಸಿ ಜೋಳವನ್ನು ಹಂಚುತ್ತಾನೆ. ಇನ್ನೊಬ್ಬನಿಗೆ 4 ಎಕರೆ. ಆದರೆ ಕಣ್ಣು ಸದಾ ನೆರೆಯವನ ಬದುವಿನ ಮೇಲೆ. ಚತುರ್ದಶಿಯ ದಿನ ಇಬ್ಬರೂ ಉಪವಾಸ ಮಾಡುತ್ತಾರೆ. ಹೊಟ್ಟೆಗಳೆರಡೂ ಸಮನಾಗಿ ಬರಿದಾಗಿವೆ. ಆದರೆ ಎರಡನೆಯವನ ಮನಸ್ಸು ಅಂದೂ ಆ ಬದುವನ್ನು ಮೇಯುತ್ತಲೇ ಇದೆ. ಅನಶನವು ಆರು ಬಾಹ್ಯ ತಪಗಳಲ್ಲಿ ಮೊದಲನೆಯದು. ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ಧ್ಯಾನಾದಿ ಅಭ್ಯಂತರ ತಪಗಳಿಗೆ ಅದು ಬಾಗಿಲು. ಬಾಗಿಲಲ್ಲೇ ನಿಂತವನು ಮನೆಯೊಳಗೆ ಬಂದಂತಾಗಲಿಲ್ಲ.

ಬಾಹ್ಯ ವೈಭವದ ಅಸ್ಥಿರತೆಗೆ ಈ ಸೀಮೆಯ ಇತಿಹಾಸವೇ ಸಾಕ್ಷಿ. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಕೀರ್ತಿಸುವ ಶಾಸನವನ್ನು ರವಿಕೀರ್ತಿಯು ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕೆತ್ತಿಸಿದನು. ಹರ್ಷವರ್ಧನನನ್ನೇ ತಡೆದ ಆ ಚಕ್ರವರ್ತಿಯ ರಾಜಧಾನಿ ಬಾದಾಮಿಯು ಕ್ರಿ.ಶ. 642ರ ಸುಮಾರಿಗೆ ಪಲ್ಲವರ ವಶವಾಯಿತು. ಎಂಟು ವರ್ಷಗಳ ಅಂತರ! ಭಂಡಾರ ಹೋಯಿತು, ಗುಡ್ಡದ ಮೇಲಿನ ಜಿನಾಲಯ ಉಳಿಯಿತು. ಆದರೆ ಕಲ್ಲೂ ಬಾಹ್ಯವೇ, ಅದೂ ಒಂದು ದಿನ ಸವೆಯತಕ್ಕದ್ದು. ಕೊಟ್ಟವನ ಆತ್ಮಕ್ಕೆ ಸೇರುವುದು ಕೊಡುವ ಕಾಲದ ಶುದ್ಧ ಪರಿಣಾಮವೊಂದೇ.

ಈ ಪರಿಣಾಮಕ್ಕೆ ಉಜ್ವಲ ನಿದರ್ಶನ ಅತ್ತಿಮಬ್ಬೆ. ಪತಿ ನಾಗದೇವನನ್ನು ಕಳೆದುಕೊಂಡ ಆ ಸಾಧ್ವಿಯು ಸಿರಿಯ ನಡುವೆ ವ್ರತನಿಷ್ಠೆಯಿಂದ ಬಾಳಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಆಕೆಯ ಆಶ್ರಯದಲ್ಲಿ. ಲಕ್ಕುಂಡಿಯ ಬಸದಿಯ ಕ್ರಿ.ಶ. 1007ರ ಶಾಸನ ಆಕೆಯ ಕೀರ್ತಿಯನ್ನು ಸಾರುತ್ತದೆ. ಆಕೆಗೆ ಸಂದ ಬಿರುದು ದಾನಚಿಂತಾಮಣಿ. ಚಿಂತಾಮಣಿಯೂ ಒಂದು ರತ್ನವೇ. ರತ್ನಗಳನ್ನು ಕೊಟ್ಟವಳೇ ರತ್ನವೆನಿಸಿದಳು.

ವ್ರತವನ್ನು ಕೈಕೊಳ್ಳುವವರು ಹತ್ತು ಬಾಹ್ಯ ಪರಿಗ್ರಹಗಳಿಗೂ ಇಂದಿನ ಅಗತ್ಯಕ್ಕೆ ತಕ್ಕಂತೆ ಮಿತಿಯನ್ನು ಬರೆದಿಡಬೇಕು. ಮಿತಿಮೀರಿ ಬಂದುದನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಿಗೆ ವಿನಿಯೋಗಿಸಬೇಕು. ಹೆಚ್ಚಾದುದನ್ನು ಮಗನ ಹೆಸರಿಗೆ ಬರೆಯುವುದು, ಎರಡು ಮನೆಗಳ ನಡುವಣ ಗೋಡೆಯನ್ನು ಒಡೆದು ಒಂದೆಂದು ಎಣಿಸುವುದು ಲೆಕ್ಕವನ್ನು ಸರಿಪಡಿಸಬಹುದು, ವ್ರತವನ್ನಲ್ಲ. ಆದಾಯ ಏರಿತೆಂದು ಮಿತಿಯನ್ನೂ ಏರಿಸಿದರೆ ಅದು ಮಿತಿಯೇ ಅಲ್ಲ.

ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯವನ್ನು ಆರಾಧಿಸುವ ದಿನ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ಮನನ ಮಾಡಬೇಕಾದ ಪ್ರಶ್ನೆಗಳಿವು:

1. ಕಳೆದ ವರ್ಷ ಸಾಕೆಂದು ಬರೆದುದು ಈ ವರ್ಷವೂ ಸಾಕೆನಿಸಿದೆಯೆ?
2. ಕೊಟ್ಟ ಮೇಲೆ ಕೊಟ್ಟುದರ ನೆನಪು ಎಷ್ಟು ದಿನ ಉಳಿಯಿತು?
3. ಉಪವಾಸದ ದಿನ ಮನಸ್ಸು ಯಾವುದನ್ನು ಉಂಡಿತು?