ನಾಟಿ ಮೇಕೆಯ ಚಹರೆ ಬರೆದಿಡುವುದು ಹೇಗೆ?

ಹೆಚ್ಚಾಗಿ ಬಿಳಿ ಮೈಯ ನಂದಿದುರ್ಗ, ಕರಿ ಮೈಯ ಬಿದರಿ: ನಮ್ಮ ರಾಜ್ಯದ ಈ ಎರಡು ಮೇಕೆಗಳು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ತಳಿಗಳೆಂದು ನೋಂದಣಿಯಾಗಿವೆ. ಸಾಕಿದವರಿಗೆ ಅವುಗಳ ಗುರುತು ಮೊದಲೇ ಗೊತ್ತಿತ್ತು. ಬಣ್ಣ, ಕೊಂಬು, ಅಳತೆ ಕಾಗದಕ್ಕಿಳಿದ ಮೇಲೆ ಆ ಗುರುತು ಲೆಕ್ಕಕ್ಕೆ ಬಂತು. ನಿಮ್ಮ ಮಂದೆಗೂ ಇದನ್ನು ಮಾಡಬಹುದು. ದರ್ಜಿಯ ಟೇಪು, ನೋಟ್‌ಬುಕ್ಕು, ಮೇಕೆ ಹಿಡಿದುಕೊಳ್ಳಲು ಒಬ್ಬರು ಇದ್ದರೆ ಸಾಕು.

ಹಂತ 1: ಬೆಳಿಗ್ಗೆ ಮೇಯಲು ಬಿಡುವ ಮುಂಚೆಯೇ ಕೆಲಸ ಶುರು ಮಾಡಿ. ಗಬ್ಬದ ಮೇಕೆಗಳ ಅಳತೆ ಬೇಡ.

ಹಂತ 2: ಕೆಳತುಟಿ ಮೆಲ್ಲಗೆ ಸರಿಸಿ ಹಲ್ಲು ನೋಡಿ. ಮೇಕೆಗೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ. ಕೆಳಗೆ ಮಾತ್ರ ಎಂಟು. ಹಾಲುಹಲ್ಲು ಸಣ್ಣದು, ಆಮೇಲೆ ಬರುವುದು ಅಗಲ, ಬೆರಳಿಟ್ಟರೇ ವ್ಯತ್ಯಾಸ ತಿಳಿಯುತ್ತದೆ. ನಡುವಿನ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷ, ಒಂದೂವರೆ ವರ್ಷ. ನಾಲ್ಕಿದ್ದರೆ ಸುಮಾರು ಎರಡು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕರ ಆಸುಪಾಸು. ಯಾವ ಹಬ್ಬದ ಹೊತ್ತಿಗೆ ಹುಟ್ಟಿದ ಮರಿ ಎಂದು ಮನೆಯ ಹೆಂಗಸರನ್ನು ಕೇಳಿ ತಾಳೆ ನೋಡಿ. ನನ್ನ ಮಟ್ಟಿಗೆ ಆ ನೆನಪೇ ಹೆಚ್ಚು ನಂಬಿಕೆಯದು.

ಹಂತ 3: ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯಿರಿ. ‘ಕಂದು’ ಎಂದಷ್ಟೇ ಬರೆದರೆ ಸಾಲದು. ಮೂತಿ, ಕಣ್ಣರೆಪ್ಪೆ, ಗೊರಸುಗಳ ಬಣ್ಣವೂ ಬೇಕು. ಕಿವಿ ನೆಟ್ಟಗಿದೆಯೋ, ಅಡ್ಡಕ್ಕಿದೆಯೋ, ಜೋಲುಬಿದ್ದಿದೆಯೋ? ಕೊಂಬು ಹಿಂದಕ್ಕೆ ಬಾಗಿದೆಯೋ, ತಿರುಚಿದೆಯೋ, ಇಲ್ಲವೇ ಇಲ್ಲವೋ? ಹೆಣ್ಣಿಗೂ ಗಡ್ಡವಿದ್ದರೆ ಗುರುತು ಹಾಕಿ. ಹಾಲು ಕೊಡದ ಕೊರಳ ಮೊಲೆ ಗಾದೆಗೆ ನಿಷ್ಪ್ರಯೋಜಕ, ನಮಗಲ್ಲ: ಮಂದೆಯಲ್ಲಿ ಎಷ್ಟು ಮೇಕೆಗಳಿಗೆ ಅದಿದೆ ಎಂಬುದು ತಳಿ ವಿವರಣೆಯ ಭಾಗ.

ಹಂತ 4: ಸಮನೆಲದಲ್ಲಿ ನಾಲ್ಕೂ ಕಾಲು ನೇರವಾಗಿ ಊರುವಂತೆ ನಿಲ್ಲಿಸಿ. ಹೆಗಲಿನ ತುದಿಯಿಂದ ನೆಲಕ್ಕೆ ಎತ್ತರ, ಭುಜದ ಮುಂತುದಿಯಿಂದ ಬಾಲದ ಪಕ್ಕದ ಪೃಷ್ಠದ ಮೂಳೆವರೆಗೆ ಉದ್ದ, ಮುಂಗಾಲ ಹಿಂದೆಯೇ ಎದೆಯ ಸುತ್ತಳತೆ. ಟೇಪು ಕೂದಲಿಗೆ ತಾಗಿರಲಿ, ಚರ್ಮಕ್ಕೆ ಕಚ್ಚುವುದು ಬೇಡ. ಎರಡು ಸಲ ಅಳೆಯಿರಿ. ಕಿವಿ, ಕೊಂಬು, ಬಾಲಗಳ ಉದ್ದವನ್ನೂ ಸೇರಿಸಿ.

ಹಂತ 5: ಪಕ್ಕದಿಂದ, ಮುಂದಿನಿಂದ ಫೋಟೊ ತೆಗೆಯಿರಿ. ಗಂಡು, ಹೆಣ್ಣುಗಳ ಲೆಕ್ಕ ಬೇರೆ ಬೇರೆ ಪುಟದಲ್ಲಿರಲಿ. ಚೆಂದದವನ್ನಷ್ಟೇ ಆರಿಸಿ ಅಳೆದರೆ ಮಂದೆಯ ನಿಜರೂಪ ತಪ್ಪಿಹೋಗುತ್ತದೆ.

ಮುಂದೆ ಈ ನೋಟ್‌ಬುಕ್ಕು ಹಿಡಿದು ತಳಿಗಾಗಿ ಹೋತ ಆರಿಸುವಾಗ ಮೈಕಟ್ಟಿನ ಜೊತೆ ತಾಯಿಯ ಹಾಲು, ಅವಳಿ ಹಾಕಿದ ಲೆಕ್ಕವನ್ನೂ ನೋಡಿ. ಆರಿಸಿದ ಹೋತವನ್ನು ಅದರ ಒಡಹುಟ್ಟಿದವುಗಳ ಮಂದೆಯಲ್ಲೇ ಬಿಡಬೇಡಿ. ಹಬ್ಬ ಬಂತೆಂದರೆ ಚೆನ್ನಾಗಿ ಬೆಳೆದ ಹೋತವೇ ಮೊದಲು ಮಾರಾಟವಾಗುವುದು. ಹಾಗಾಗಿ ಸಂತೆಗೆ ಹೊರಡುವ ಹಿಂದಿನ ದಿನವಾದರೂ ನೋಟ್‌ಬುಕ್ಕು ತೆರೆಯಿರಿ.