ಪಂಚ್ ಔಟ್ ಆದಮೇಲಿನ ಮುಕ್ಕಾಲು ಗಂಟೆ

ಪುಟ್ಟೀ, ಮಾಲ್‌ನ ಬರ್ಗರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ ಅಂತ ನಿಮ್ಮಪ್ಪ ಹೇಳಿದ. ಖುಷಿಯಾಯಿತು. ಓದಿದ್ದಕ್ಕೆ ತಕ್ಕ ಕೆಲಸವಲ್ಲ ಅಂತ ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡ. ಬೆವರು ಸುರಿಸಿ ದುಡಿಯುವ ದುಡ್ಡು, ಅದು ಪೂರ್ತಿ ನಿನ್ನ ಕೈ ಸೇರಬೇಕು. ನಾನು ಹೇಳಹೊರಟಿರುವುದು ಅದೊಂದನ್ನೇ. ಹೋಟೆಲ್ ಗಲ್ಲಾದಲ್ಲಿ ಕೂತು ವರ್ಷಗಟ್ಟಲೆ ಸಂಬಳದ ಪುಸ್ತಕ ಬರೆದವನು ನಾನು. ಹುಡುಗರ ದುಡ್ಡು ಎಲ್ಲಿ ಸೋರುತ್ತದೆ ಅಂತ ಬಲ್ಲೆ.

ಸಂಬಳವನ್ನೇ ಕೊಡದೆ ಕೈಯೆತ್ತುವವರು ಕಡಿಮೆ. ಸೋರುವುದೆಲ್ಲ ನಿಮಿಷಗಳ ಲೆಕ್ಕದಲ್ಲಿ. ನಿನಗೆ ಕ್ಲೋಸಿಂಗ್ ಶಿಫ್ಟ್ ಬಿತ್ತು ಅಂದುಕೋ. ಹನ್ನೊಂದಕ್ಕೆ ಶಟರ್ ಅರ್ಧ ಇಳಿಯುತ್ತದೆ, ‘ಎಲ್ಲರೂ ಪಂಚ್ ಔಟ್ ಮಾಡಿ’ ಅಂತಾರೆ. ಆಮೇಲೆ ಫ್ರೈಯರ್‌ನ ಎಣ್ಣೆ ಸೋಸಬೇಕು, ತಳಕ್ಕೆ ಕಚ್ಚಿಕೊಂಡ ಕರಿ ಕೆರೆಯಬೇಕು, ಸಾಸಿನ ಡಬ್ಬಿ ತೊಳೆಯಬೇಕು, ನೆಲಕ್ಕೆ ಸೋಪಿನ ನೀರು ಹಾಕಿ ವೈಪರ್ ಎಳೆಯಬೇಕು. ಹೊರಗೆ ಬರುವಾಗ ಹನ್ನೊಂದೂ ಮುಕ್ಕಾಲು. ದಿನಕ್ಕೆ ಮುಕ್ಕಾಲು ಗಂಟೆಯಂತೆ 26 ದಿನಕ್ಕೆ ಹತ್ತೊಂಬತ್ತೂವರೆ ಗಂಟೆ. ತಿಂಗಳಿಗೆ ಎರಡು ದಿನಕ್ಕೂ ಹೆಚ್ಚಿನ ದುಡಿಮೆ ಪುಕ್ಕಟೆ! ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ. ಅದರ ಮೇಲಿನದ್ದು ಓಟಿ, ಅದಕ್ಕೆ ದುಪ್ಪಟ್ಟು ದರ.

ಅದಕ್ಕೇ ಒಂದು ಚಿಕ್ಕ ಡೈರಿ ಇಟ್ಟುಕೋ. ಬಂದ ಹೊತ್ತು, ಹೊರಟ ಹೊತ್ತು, ಅವತ್ತು ಮ್ಯಾನೇಜರ್ ಯಾರಿದ್ದರು, ಇಷ್ಟು ಸಾಕು. ಎಷ್ಟೇ ಸುಸ್ತಾಗಿದ್ದರೂ ಅವತ್ತಿನದು ಅವತ್ತೇ ಬರೆ. ಶಿಫ್ಟ್ ಪಟ್ಟಿ ವಾಟ್ಸಾಪ್ ಗುಂಪಿನಲ್ಲಿ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡು. 

ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ ಅಂತ ಮೊದಲ ದಿನವೇ ನೋಡು. ಬೋರ್ಡ್ ಮೇಲಿರುವ ಕಂಪನಿಯದೋ, ಫ್ರಾಂಚೈಸಿ ಪಡೆದವರದೋ, ಜನ ಒದಗಿಸುವ ಏಜೆನ್ಸಿಯದೋ? ತಕರಾರು ಬಂದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಸ್ಲಿಪ್‌ನಲ್ಲಿ ಪಿಎಫ್ ಹಿಡಿದಿದ್ದರೆ ನಿನ್ನ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ನೋಡು. ಇಎಸ್‌ಐಗೆ ನಿನ್ನಿಂದ ಹಿಡಿಯಬೇಕಾದದ್ದು ಶೇ 0.75 ಮಾತ್ರ, ಉಳಿದ ಶೇ 3.25 ಮಾಲೀಕರದು. ಎರಡನ್ನೂ ನಿನ್ನ ತಲೆಗೇ ಕಟ್ಟಿದರೆ ಒಪ್ಪಬೇಡ.

ಕ್ಯಾಶ್ ಕಡಿಮೆ ಬಿತ್ತು ಅಂತ ಕೌಂಟರಿನಲ್ಲಿದ್ದವರಿಗೆಲ್ಲ ಹಂಚಿ ಕತ್ತರಿಸುವ ಪದ್ಧತಿ ಕೆಲವೆಡೆ ಇದೆ. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ನಷ್ಟಕ್ಕೆ ನಿನ್ನ ಅಜಾಗರೂಕತೆಯೇ ನೇರ ಕಾರಣವಾಗಿರಬೇಕು, ನಿನ್ನ ವಿವರಣೆಯನ್ನೂ ಕೇಳಬೇಕು. ಆಮೇಲಷ್ಟೇ ಕಡಿತ.

ಕೇಳಬೇಕಾಗಿ ಬಂದರೆ ಒಬ್ಬಳೇ ಹೋಗಬೇಡ. ಒಬ್ಬಳ ಶಿಫ್ಟ್ ಕತ್ತರಿಸಿ ಬಾಯಿ ಮುಚ್ಚಿಸುವುದು ಸುಲಭ, ಎಂಟು ಜನರದ್ದು ಕತ್ತರಿಸಿದರೆ ಅಂಗಡಿಯೇ ನಡೆಯುವುದಿಲ್ಲ. ಅಮೆರಿಕದಲ್ಲಿ ಆದದ್ದೂ ಇದೇ. 2012ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫಾಸ್ಟ್‌ಫುಡ್ ನೌಕರರು ಗಂಟೆಗೆ 15 ಡಾಲರ್ ಬೇಕು ಅಂತ ಕೆಲಸ ಬಿಟ್ಟು ಬೀದಿಗೆ ಬಂದಾಗ ಅದು ಆಗುವ ಮಾತಲ್ಲ ಅಂದವರೇ ಹೆಚ್ಚು. 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದ ದೊಡ್ಡ ಫಾಸ್ಟ್‌ಫುಡ್ ಸರಣಿಗಳು ಗಂಟೆಗೆ 20 ಡಾಲರ್ ಕೊಡಲೇಬೇಕಾಯಿತು.

ಮೊದಲು ಮ್ಯಾನೇಜರ್ ಹತ್ತಿರ ಸಮಾಧಾನವಾಗಿ ಮಾತಾಡಿ. ಪಾಪ, ಅವನೂ ಸಂಬಳಗಾರನೇ, ಮೇಲಿನಿಂದ ಅವನಿಗೂ ಒತ್ತಡವಿರುತ್ತದೆ. ಬಗೆಹರಿಯದಿದ್ದರೆ ಇಮೇಲ್ ಕಳಿಸಿ. ಅದಕ್ಕೂ ಜಗ್ಗದಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನ ಇದ್ದೇ ಇದೆ. ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಕೊಡದಿದ್ದರೆ ಕ್ಲೇಮು ಹಾಕಲು ಮೂರು ವರ್ಷ ಕಾಲಾವಕಾಶವಿದೆ, ಪೂರ್ತಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು. ಅರ್ಜಿ ಬರೆಯುವಷ್ಟು ದೂರ ಹೋದರೆ ನಿನ್ನ ವೀಕ್ ಆಫ್ ದಿನ ಮನೆಗೆ ಬಾ, ಕೂತು ಲೆಕ್ಕ ಹಾಕೋಣ.